ಸಿಪ್ಪೆನೀರಿಗೆ ರಾಗವಿಲ್ಲ

ಹತ್ತೊಂಬತ್ತು ವರ್ಷ, ಸೈಕಲ್ಲಿನ ಎರಡೂ ಮಗ್ಗುಲಿಗೆ
ನೀಲಿ ಕ್ಯಾನು ಕಟ್ಟಿಕೊಂಡು
ಸ್ವರ್ಣಸಂದ್ರದಿಂದ ಗುತ್ತಲು ರಸ್ತೆಯವರೆಗೆ ಕೂಗಿದ್ದೇನೆ:
ಆಸೀಡ್... ಫಿನಾಯ್ಲ್!
ಮೊದಲನೆಯದನ್ನು ಎಳೆಯಬೇಕು, ಎರಡನೆಯದನ್ನು ಕತ್ತರಿಸಬೇಕು.
ಆ ರಾಗಕ್ಕೆ ನಾಯಿ ಬೊಗಳುತ್ತವೆ, ಗೇಟು ಕಿರುಗುಟ್ಟುತ್ತವೆ,
ಖಾಲಿ ಬಾಟಲಿ ಹಿಡಿದ ಕೈಗಳು ಹೊರಗೆ ಬರುತ್ತವೆ.

ಪ್ಯಾಂಟಿನ ಮಂಡಿಯಲ್ಲಿ ತೂತು. ಹೆಬ್ಬೆರಳಿನ ಉಗುರು ಹಳದಿ.
ಮೂಗು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.
ಒಂದು ದಿನ ಒಲೆಯ ಮೇಲೆ ಹಾಲು ಸೀದು
ದೇವೀರಮ್ಮ ಹಿತ್ತಿಲಿನಿಂದ ಓಡಿ ಬಂದಳು.
ನಾನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ.

ಅವಳು ಏನೂ ಅನ್ನಲಿಲ್ಲ.
ಮಾರನೇ ವಾರ ಬಸ್‌ಸ್ಟ್ಯಾಂಡಿನ ಜ್ಯೂಸಂಗಡಿಯಿಂದ
ಒಂದು ಚೀಲ ಮೂಸಂಬಿ ಸಿಪ್ಪೆ ತಂದಳು,
ಆಲೆಮನೆಯ ತಮ್ಮನ ಹತ್ತಿರ
ಮಂಡಿಯಲ್ಲಿ ಯಾರೂ ಮುಟ್ಟದ ಕಪ್ಪು ಬೆಲ್ಲ.
ಬೆಲ್ಲ ಒಂದು, ಸಿಪ್ಪೆ ಮೂರು, ನೀರು ಹತ್ತು,
ಸಂಘದ ಮೀಟಿಂಗಿನಲ್ಲಿ ಬಾಯಿಪಾಠ ಮಾಡಿದ್ದಂತೆ.
ಹನ್ನೆರಡು ಸೋಡಾ ಬಾಟಲಿ. ನನ್ನ ಕ್ಯಾನು ಮುಟ್ಟಲಿಲ್ಲ.

"ಮೂರು ತಿಂಗಳು" ಅಂದಳು.
ನಾನು ನಕ್ಕೆ. ನನ್ನದು ಹತ್ತು ನಿಮಿಷದ ಮಾಲು:
ಎಣ್ಣೆಯಂಥ ಕಂದು ದ್ರವ, ನೀರು, ಒಂದು ಕೋಲು,
ತಿರುವಿದರೆ ಹಾಲಿನಂತೆ ಬಿಳಿ.
"ಗಂಡನ ಅನ್ನಕ್ಕೇ ಕಲ್ಲು ಹಾಕ್ತಿದೀಯಲ್ಲೇ."
"ಬಚ್ಚಲ ನೀರು ಹೋಗೋದು ದಂಟಿನ ಪಾತಿಗೆ,
ದಂಟು ಹೋಗೋದು ನಿಮ್ಮ ಹೊಟ್ಟೆಗೆ.
ಲೆಕ್ಕ ನೀವೇ ಹಾಕ್ಕಳಿ."

ಒಂಬತ್ತನೇ ರಾತ್ರಿ ಒಂದು ಬಾಟಲಿ ಸಿಡಿಯಿತು.
ಅಟ್ಟದಿಂದ ಕಂದು ನೀರು ಕ್ಯಾಲೆಂಡರಿನ ಮೇಲೆ,
ಸಿಪ್ಪೆಯ ಚೂರು ಫ್ಯಾನಿನ ರೆಕ್ಕೆಗೆ.
ಪಕ್ಕದ ಮನೆಯ ಕೆಂಚೇಗೌಡ ಟಾರ್ಚು ಹಿಡಿದು ಬಂದ.
ದೇವೀರಮ್ಮ ನಕ್ಕೂ ನಕ್ಕೂ ನೆಲಕ್ಕೆ ಕೂತಳು:
"ಅದಕ್ಕೆ ಉಸಿರು ಬುಡಿಸಾದೇ ಮರೆತೆ ಕಣ್ರೀ."
ಅಂದಿನಿಂದ ದಿನಾ ಬೆಳಿಗ್ಗೆ
ಕೈಕೂಸಿಗೆ ತೇಗು ಬರಿಸುವ ಹಾಗೆ
ಒಂದೊಂದೇ ಮುಚ್ಚಳ ಸಡಿಲಿಸುವಳು.
ಉಸ್ಸ್.

ಆಮೇಲೆ ಮಳವಳ್ಳಿಯಲ್ಲಿ ಅವಳ ಅಕ್ಕ ಕಾಲು ಮುರಿದುಕೊಂಡಳು.
ಹನ್ನೊಂದು ಬಾಟಲಿ ನನ್ನ ಮೇಲೆ ಬಿತ್ತು.
"ಹುಳಿ ವಾಸನೆ ಬಂದ್ರೆ ಸರಿ.
ಕೊಳೆತ ವಾಸನೆ ಬಂದ್ರೆ ಒಂದು ಹಿಡಿ ಬೆಲ್ಲ..."
ಅಂದವಳು ಬಸ್ಸಿನ ಕಿಟಕಿಯಲ್ಲಿ ಥಟ್ಟನೆ ಸುಮ್ಮನಾದಳು.

ಮುಚ್ಚಳ ತೆರೆದು ಮೂಗು ಇಟ್ಟೆ.
ಏನೂ ಇಲ್ಲ. ಸುಣ್ಣ ಬಳಿದ ಗೋಡೆ.
ಕಿವಿ ಇಟ್ಟೆ.
ಒಳಗೆ ಸಣ್ಣ ಸಣ್ಣ ಮಾತು,
ನಾಲೆ ಬಿಟ್ಟ ದಿನ ಒಣಗಿದ ಕಬ್ಬಿನ ಗದ್ದೆ
ನೀರು ಹೀರುವ ಹಾಗೆ.
ನಾಲ್ಕನೆಯದು ಮಾತಾಡಲಿಲ್ಲ.
ಅದಕ್ಕೆ ಬೆಲ್ಲ ಹಾಕಿದೆ, ಎರಡು ದಿನ ಕಾದೆ,
ಮೂರನೇ ರಾತ್ರಿ ಫೋನು ಮಾಡಿ
ಬಾಟಲಿಯ ಬಾಯಿಗೆ ಹಿಡಿದೆ.
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
"ಹ್ಞೂ, ಬದುಕದೆ" ಅಂದಳು.

ಈಗ ಎರಡು ನೀಲಿ ಕ್ಯಾನುಗಳ ನಡುವೆ, ಕ್ಯಾರಿಯರಿನ ಮೇಲೆ
ಬಟ್ಟೆಯಲ್ಲಿ ಸೋಸಿದ ಒಂದು ಬಾಟಲಿ.
ಆಸಿಡ್ಡು ಬಿಟ್ಟೆ ಅಂದುಕೊಳ್ಳಬೇಡಿ,
ಬುಧವಾರ ಸಂಘದ ಕಂತು ಕಟ್ಟಬೇಕು.
ಇದಕ್ಕೆ ಇನ್ನೂ ರಾಗ ಸಿಕ್ಕಿಲ್ಲ.
ಸಿಪ್ಪೆನೀರು ಅಂದರೆ ಹಸುವಿಗಾ ಅನ್ನುತ್ತಾರೆ,
ಬೆಲ್ಲದ ನೀರು ಅಂದರೆ ಮಕ್ಕಳು ಲೋಟ ತರುತ್ತಾರೆ.
ಅದರ ಸರದಿ ಬಂದಾಗ ಸುಮ್ಮನೆ ಬೆಲ್ಲು ಹೊಡೆಯುತ್ತೇನೆ.

ಕಲ್ಲಹಳ್ಳಿಯ ತಿರುವಿನಲ್ಲಿ ಒಬ್ಬ ಟೀಚರಮ್ಮ
ಬಾಟಲಿ ಎತ್ತಿ ಬಿಸಿಲಿಗೆ ಹಿಡಿದರು,
ಬೆಲೆ ಕೇಳಿದರು, ಬಕೆಟ್ಟಿಗೆ ಎಷ್ಟು ಮುಚ್ಚಳ ಕೇಳಿದರು,
ಆಮೇಲೆ ತೆರೆದು ಮೂಗಿಗೆ ಹಿಡಿದರು.
ನಾನು ಅವರ ಮುಖವನ್ನೇ ನೋಡಿದೆ.
"ಹೆಂಗದೆ ಮೇಡಂ?"
ಮಾರುವವನೇ ಕೇಳುತ್ತಾನಲ್ಲ ಎಂದು ನಕ್ಕರು.
"ಉಪ್ಪಿನಕಾಯಿ ಭರಣಿ ಬಟ್ಟೆ ಬಿಚ್ಚಿದಂಗೆ.
ಹಿಂದೆಯೇ ಸ್ವಲ್ಪ ಹೂವು."

ಉಪ್ಪಿನಕಾಯಿ ಭರಣಿ, ಹಿಂದೆಯೇ ಸ್ವಲ್ಪ ಹೂವು.
ಮನೆ ಮುಟ್ಟುವವರೆಗೆ ಅದನ್ನೇ
ಬಾಯಿಪಾಠ ಮಾಡಿಕೊಂಡು ಪೆಡಲು ತುಳಿದೆ.
ಫಿನಾಯಿಲ್ ಕೂಗುವುದು ಮರೆತೇಹೋಯಿತು.