ನೆನಪಿನ ಅವಧಿ: ಸೊನ್ನೆ

ಎಸ್.ಪಿ. ರೋಡಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗೆ
ತೂಕಕ್ಕೆ ಹೋಗಲಿದ್ದ ಡಬ್ಬಿ.
ಒಂಬೈನೂರಕ್ಕೆ ಕೊಟ್ಟರು ಇಲಿಯಾಸ್ ಭಾಯ್,
ಕೊಸರಿಗೆ ಮೂರು ನೆಟ್‌ವರ್ಕ್ ಕಾರ್ಡು.
‘ಹಬ್ ಯಾರ್ ಕೇಳ್ತಾರೆ ಮೇಡಂ ಈಗ?
ಸ್ವಿಚ್ ತಗೊಳ್ಳಿ, ಹೊಸದು, ಬಿಲ್ ಸಮೇತ.’

ಸ್ವಿಚ್ ಇದೆ ನನ್ನಲ್ಲಿ. ಬಲು ಮರ್ಯಾದಸ್ಥ.
ಯಾರ ಮಾತೋ ಅವರ ಕಿವಿಗಷ್ಟೇ ಊದಿ
ಸುಮ್ಮನಿರುತ್ತದೆ.
ನನಗೆ ಬೇಕಾದ್ದು
ಗೊರಗುಂಟೆಪಾಳ್ಯ ಗೊರಗುಂಟೆಪಾಳ್ಯ ಎಂದು
ನಿದ್ದೆ ಹೋದವನಿಗೂ ಅಲ್ಲಿ ಇಳಿಯದವಳಿಗೂ
ಒಂದೇ ಸಮ ಕೂಗುವ ಕಂಡಕ್ಟರ್.

ಪೀಣ್ಯ ಎರಡನೇ ಹಂತ. ರಾತ್ರಿ ಹತ್ತೂವರೆ.
ಪಕ್ಕದ ಶೆಡ್ಡಿನ ಪವರ್ ಪ್ರೆಸ್ ಒದ್ದಾಗೆಲ್ಲ
ಮೇಜಿನ ಮೇಲೆ ಸ್ಕ್ರೂಗಳು ಒಂದೊಂದು ಹೆಜ್ಜೆ ಸರಿಯುತ್ತವೆ.
ಒಂದನೇ ಕಾರ್ಡಿಗೆ ಲಿಫ್ಟಿನ ತಲೆ,
ಎರಡನೆಯದಕ್ಕೆ ಬಾಗಿಲಿನ ಬೋರ್ಡು,
ಮೂರನೆಯದರಲ್ಲಿ ನಾನು, ಕದ್ದು ಕೇಳಲು.
ಮೂರಕ್ಕೂ ಸೇತುವೆ ಕಟ್ಟಿ ಡಬ್ಬಿಗೆ ಹೇಳಿದೆ:
ನಿನಗೆ ವಿಳಾಸ ಬೇಡ.

ಆದರೂ ಕಲಿಯುತ್ತದೆ, ಕಳ್ಳ.
ಒಂದು ಮಾತು ಹಾದರೆ ಸಾಕು,
ಯಾರು ಯಾವ ತೂತಿನಲ್ಲೆಂದು ಗುರುತಿಟ್ಟು
ಮತ್ತೆ ಮರ್ಯಾದಸ್ಥನಾಗುತ್ತದೆ.
ಮುನ್ನೂರು ಸೆಕೆಂಡು ಇತ್ತು ನೆನಪಿನ ಅವಧಿ.
ಅಳಿಸಿ, ಸೊನ್ನೆ ಬರೆದೆ.

ಈಗ ಅದಕ್ಕೆ ಯಾರೂ ಗೊತ್ತಿಲ್ಲ.
ಪ್ರತಿ ಮಾತೂ ಮೊದಲ ಮಾತು,
ಪ್ರತಿ ಸಲವೂ ಎಲ್ಲರ ಬಾಗಿಲು.
ಹಸಿರು ದೀಪಗಳು ಒಟ್ಟಿಗೆ ಮಿಣುಕಿದಾಗ
ಯಾಕೋ ಕೈ ಕೀಲಿಮಣೆ ಬಿಟ್ಟಿತು.

ಮುಚ್ಚಿತೇ? ಎಂದಿತು ಲಿಫ್ಟು.
ಮುಚ್ಚಿತು, ಎಂದಿತು ಬಾಗಿಲು.
ಮೇಜಿನ ಮೇಲೆ ಮೋಟರು ಇನ್ನೂ ತಿರುಗುತ್ತಿತ್ತು.

ಮತ್ತೆ. ಮತ್ತೆ. ಹನ್ನೊಂದು ಸಲ.

ಹದಿನಾರು ದಿನದಿಂದ ಚೌಡಪ್ಪನ ವೈರಿಂಗ್ ಎನ್ನುತ್ತಿದ್ದೆ,
ಮೀಟಿಂಗಿನಲ್ಲಿ, ಎಲ್ಲರಿಗೂ ಕೇಳುವಂತೆ.
ಅವನು ಎರಡು ಸಲ ಎಲ್ಲ ಬಿಚ್ಚಿ ಕಟ್ಟಿದ್ದ,
ಒಂದೊಂದು ವೈರಿಗೂ ತನ್ನ ಕೈಬರಹದ ಚೀಟಿ ಅಂಟಿಸಿ.
ಬಾಗಿಲ ಬೋರ್ಡಿನ ಆ ಸಾಲು ಬರೆದದ್ದು ನಾನು,
ಯುಗಾದಿಯ ಹಿಂದಿನ ರಾತ್ರಿ, ಮನೆ ಸೇರುವ ಆತುರಕ್ಕೆ:
ಕೇಳಿದರೆ ಮುಚ್ಚಿತು ಅನ್ನು. ಆಮೇಲೆ ನೋಡೋಣ.

ಫೋನಿನಲ್ಲಿ ಅವನ ಹೆಸರು ಹುಡುಕಿದೆ.
ಒತ್ತಲಿಲ್ಲ.
ಎಲ್ಲರೂ ಇರುವ ಗುಂಪು ತೆರೆದು, ಅಲ್ಲಿ ಬರೆದೆ,
ಸಾಲಿನ ಸಂಖ್ಯೆ ಸಮೇತ, ನನ್ನ ಹೆಸರು ಸಮೇತ.
ಮ್ಯಾನೇಜರ್ ನೋಡಿದರು. ಫಿಲೋಮಿನಾ ನೋಡಿದಳು.
ಪ್ರೆಸ್ ಒದೆಯಿತು. ಸ್ಕ್ರೂ ಒಂದು ಕೆಳಗೆ ಬಿತ್ತು.

ಹನ್ನೊಂದು ಹತ್ತಕ್ಕೆ ಚೌಡಪ್ಪ, ಅಲ್ಲೇ, ಎಲ್ಲರೆದುರು:
‘ಕೊನೇ ಬಸ್ಸು ಹೋಗಿರುತ್ತೆ ಮೇಡಂ. ಗಾಡಿ ತರ್ಲಾ?’