ಮೂರನೆಯ ಕೂಗು

ಅರಸೀಕೆರೆ ಕೋರ್ಟಿನಲ್ಲಿ ಹೆಸರು ಕೂಗುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷವಾಯಿತು.
ಬಾಗಿಲಿಗೆ ಬಂದು, ದನಿಯೆತ್ತಿ, ಮೂರು ಸಲ.
ಕ್ಯಾಂಟೀನಿನಲ್ಲಿ ಬೋಂಡಾ ಹಿಡಿದು ಕೂತವನಿಗೂ
ಬೇವಿನ ಮರದಡಿ ಟೈಪಿಸ್ಟನ ಮುಂದೆ ನಿಂತವಳಿಗೂ
ಕೇಳಬೇಕು. ಕೇಳುತ್ತಿತ್ತು.
ಮನೆಯಲ್ಲಿ ಉಣ್ಣುತ್ತ ಕೂತು ಉಪ್ಪು ಕೇಳಿದರೆ
ಪಕ್ಕದ ಮನೆಯಾಕೆ ತಂದುಕೊಡುತ್ತಾಳೆ
ಎಂದು ಪುಟ್ಟತಾಯಿ ಆಡಿಕೊಳ್ಳುತ್ತಿದ್ದಳು.

ಮೊದಲು ಹೋದದ್ದು ಆ ಉಪ್ಪೇ.
ನೂರ ಎಪ್ಪತ್ತು, ನೂರ ಹತ್ತು, ಅಂದರು ಆಸ್ಪತ್ರೆಯಲ್ಲಿ,
ಬಸ್ ಚಾರ್ಜು ಹೇಳಿದಷ್ಟು ಸಲೀಸಾಗಿ.
ಒಂದು ಮಾತ್ರೆ, ಕಡ್ಲೆಬೇಳೆಗಿಂತ ಚಿಕ್ಕದು,
ಬೆಳಿಗ್ಗೆ ತಿಂಡಿಯಾದ ಮೇಲೆ, ಸಾಯುವ ತನಕ.
ಸಾಯುವ ತನಕ ಎಂದು ಅವರು ಹೇಳಲಿಲ್ಲ,
"ನಿಲ್ಲಿಸಬೇಡಿ" ಅಂದರು. ಅರ್ಥ ನಾನು ಮಾಡಿಕೊಂಡೆ.
ಕೋರ್ಟಿನಲ್ಲಿದ್ದವನಿಗೆ ಅದೊಂದು ಚಾಳಿ.

ಮೂರನೇ ವಾರಕ್ಕೆ ಕೆಮ್ಮು ಬಂತು.
ಕಫವಿಲ್ಲ, ಜ್ವರವಿಲ್ಲ,
ರಾಗಿ ಕಣದ ಸುಂಕು ಗಂಟಲಲ್ಲೇ ಕೂತ ಹಾಗೆ.
ಶುಂಠಿ, ಮೆಣಸು, ಬೆಚ್ಚನೆ ಉಪ್ಪುನೀರು
(ಬಾಯಿಗೆ ಉಪ್ಪು ಬಂದದ್ದು ಅಷ್ಟೇ, ಅದನ್ನೂ ಉಗುಳಬೇಕು)
ಯಾವುದಕ್ಕೂ ಜಗ್ಗಲಿಲ್ಲ.
ಕೂತವನು ಎದ್ದರೆ ಕಟಕಟೆ ಒಮ್ಮೆ ವಾಲಿ
ಮತ್ತೆ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಿತ್ತು.
ಯಾರಿಗೂ ಹೇಳಲಿಲ್ಲ.
ಹೆಸರು ಕೂಗುವವನು ತಲೆ ಸುತ್ತಿ ಬಿದ್ದರೆ
ನಗುವುದಕ್ಕೆ ಇಡೀ ವಕೀಲರ ಸಂಘವಿದೆ.

ಒಂದು ಬುಧವಾರ,
ದಾಕ್ಷಾಯಿಣಿ ಕೋಂ ಓಂಕಾರಪ್ಪ.
ಒಂದು ಸಲ ಕೂಗಿದೆ. ಎರಡು ಸಲ ಕೂಗಿದೆ.
ಮೂರನೆಯದಕ್ಕೆ "ದಾಕ್ಷಾ" ಅನ್ನುವಷ್ಟರಲ್ಲಿ ಹಿಡಿದುಕೊಂಡಿತು.
ಬಾಗಿಲ ಚೌಕಟ್ಟು ಹಿಡಿದು ಕೆಮ್ಮಿದೆ, ಕೆಮ್ಮಿದೆ,
ಕಣ್ಣಲ್ಲಿ ನೀರು, ಸೊಂಟದ ಬೆಲ್ಟು ಬಿಗಿ.
ಗೈರುಹಾಜರಿ ಬರೆಯಲು ಎತ್ತಿದ ಪೆನ್ನು
ಎತ್ತಿದಂತೆಯೇ ಹಿಡಿದು ಸಾಹೇಬರು ಕಾದರು.
ಮೂರು ಅಂದರೆ ಮೂರು, ಅವರು ಅಂಥ ಮನುಷ್ಯ.
ಅಷ್ಟರಲ್ಲಿ ಗೇಟಿನಿಂದ ಒಬ್ಬಳು
ಒಂದು ಕೈಯಲ್ಲಿ ಚಪ್ಪಲಿ, ಸೊಂಟದಲ್ಲಿ ಮಗು,
"ಇದೀನಿ, ಇದೀನಿ ಸ್ವಾಮಿ,
ಬಾಣಾವರದಲ್ಲಿ ರೈಲು ನಿಂತ್ಬಿಡ್ತು..."

ಆಮೇಲೆ ಮಾತ್ರೆ ಬದಲಾಯಿಸಿದರು.
"ಅದಕ್ಕೆ ಕೆಮ್ಮು ಬರೋದುಂಟು, ಮೊದಲೇ ಹೇಳಬಾರದಿತ್ತಾ?"
ಡಾಕ್ಟರು ಬೈದರು. ಮೊದಲೇ ಅಂದರೆ
ಯಾರು ಯಾರಿಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.
ಈಗ ಬಿಳಿಯದು. ಕೆಮ್ಮಿಲ್ಲ.
ಸಂಜೆಗೆ ಪಾದ ಊದಿ, ಸಾಕ್ಸಿನ ಗೆರೆ
ರಬ್ಬರ್ ಮೊಹರಿನ ಹಾಗೆ ಕಾಲಲ್ಲಿ ಉಳಿಯುತ್ತದೆ.
ಪುಟ್ಟತಾಯಿ ಬೆರಳೊತ್ತಿ ನೋಡುತ್ತಾಳೆ,
ಇಡ್ಲಿ ಬೆಂದಿದೆಯಾ ಎಂದು ನೋಡುವಂತೆ,
ಗುಳಿ ತುಂಬುವವರೆಗೂ ಮಾತಾಡುವುದಿಲ್ಲ.
ಗಂಟಲು ಮಾತ್ರ ಮೊದಲಿನದೇ,
ರೈಲ್ವೆ ಗೇಟಿನವರೆಗೂ ಹೋಗುತ್ತದೆ.

ನಿನ್ನೆ ಹನ್ನೊಂದೂಕಾಲಿಗೆ
ಯಾರದೋ ಹೆಸರು ಎರಡು ಸಲ ಕೂಗಿದ್ದೆ.
ಬೇವಿನ ನೆರಳಲ್ಲಿ ಒಬ್ಬರೂ ಅಲ್ಲಾಡಲಿಲ್ಲ.
ದೂರದಲ್ಲಿ ಯಾವುದೋ ಗಾಡಿ
ಸ್ಟೇಷನ್ನಿಗೆ ಬರುತ್ತಿರುವ ಸದ್ದು.
ಬಾಯಿ ತೆರೆದೆ. ದನಿ ಸಿದ್ಧವಾಗಿ ನಿಂತಿತ್ತು.
ಚೌಕಟ್ಟು ಹಿಡಿದು
ಕೆಮ್ಮಿದೆ.
ಸಾಹೇಬರು ಕನ್ನಡಕದ ಮೇಲಿಂದ ನೋಡಿ
"ಇನ್ನೂ ಹೋಗಿಲ್ಲವೇನ್ರೀ?" ಎಂದರು.
"ಇಲ್ಲ ಸ್ವಾಮಿ" ಎಂದೆ.
ಪೆನ್ನು ಕೆಳಗಿಟ್ಟರು.