ಬಾರ್ಡರ್

ಸೊಹಾರಿನ ಕ್ಲಿನಿಕ್ಕಿನಲ್ಲಿ ನರ್ಸ್ ಸೂಸಮ್ಮ
ಚೀಟಿ ತಿರುಗಿಸಿ ತೋರಿಸಿದಳು:
ಆರು ಪಾಯಿಂಟ್ ಒಂದು.
‘ಶುಗರ್ ಬಂದಿಲ್ಲ ಚೇಟ್ಟಾ, ಬಾರ್ಡರಿನಲ್ಲಿದೆ.’

ಬಾರ್ಡರು! ನನಗೆ ಹೇಳುತ್ತಾಳೆ.
ಹತ್ತೊಂಬತ್ತು ವರ್ಷ ಟ್ರೈಲರ್ ಓಡಿಸಿದವ,
ಖತ್ಮತ್ ಮಲಾಹದ ಸಾಲಿನಲ್ಲಿ
ಸ್ಟೇರಿಂಗಿಗೆ ಹಣೆ ಕೊಟ್ಟು ಮಲಗಿದವ.
ಆ ಸಾಲೇ ಅಲ್ಲವೆ ಕಲಿಸಿದ್ದು
ಗಂಟೆಗೊಂದು ಕರಕ್ ಚಾ,
ಡಬ್ಬಿಹಾಲು ಕೆನೆಗಟ್ಟಿದ ಕಾಗದದ ಲೋಟ,
ಜೊತೆಗೆ ಸುರುಳಿ ಸುತ್ತಿದ ಪರೋಟಾ,
ಒಳಗೆ ಚೀಸು, ಚಿಪ್ಸಿನ ಪುಡಿ.
ಕಾಲಿಗೆ ಗೊತ್ತಿದ್ದ ದೇಶ ಮೂರೇ:
ಕ್ಲಚ್ಚು, ಬ್ರೇಕು, ಆಕ್ಸಿಲರೇಟರು.

ಗಡಿಯ ಒಂದು ಗುಟ್ಟು ಮಾತ್ರ ನಾನು ಬಲ್ಲೆ.
ಮುದ್ರೆ ಬೀಳುವ ಮೊದಲು
ಗಾಡಿ ತಿರುಗಿಸಬಹುದು.
ಬಿದ್ದ ಮೇಲೆ ಆಚೆಯ ಕಾನೂನು.

ಅಪ್ಪ ತಿರುಗಿಸಲಿಲ್ಲ.
ಎಡಗಾಲಿನ ಹೆಬ್ಬೆರಳನ್ನು
ಸುಂಕ ಕಟ್ಟಿದ.

ಈಗ ಬುತ್ತಿಯಲ್ಲಿ
ಕುಚ್ಚಲಕ್ಕಿ ಒಂದೇ ಸೌಟು,
ಮಿಕ್ಕ ಜಾಗವೆಲ್ಲ ಹೆಸರುಕಾಳು, ಸೌತೆಕಾಯಿ,
ಎಣ್ಣೆ ಸೋಕಿಯೂ ಸೋಕದ ಬಂಗುಡೆ.
ಖರ್ಜೂರ ಮೂರಿದ್ದದ್ದು ಒಂದು;
ಬೀಜವನ್ನೂ ಬಹಳ ಹೊತ್ತು ಚೀಪುತ್ತೇನೆ.

ಸಾಲು ನಿಂತಾಗ ನಾನು ನಿಲ್ಲುವುದಿಲ್ಲ.
ಇಳಿದು ಗಾಡಿಯ ಸುತ್ತ ನಡೆಯುತ್ತೇನೆ,
ಹದಿನೆಂಟು ಚಕ್ರಕ್ಕೂ ಒಂದೊಂದು ತಟ್ಟು.
ಬಿಸಿಲಾರಿದ ಡಾಂಬರು ಚಪ್ಪಲಿಗೆ ಅಂಟುತ್ತದೆ.

ಹಿಂದಿನ ಟ್ರಕ್ಕಿನ ಗುಲ್ ಜಮಾನ್
ಗಾಜು ಇಳಿಸಿ ಕೂಗಿದ: ‘ಪಂಕ್ಚರಾ?’
‘ಇಲ್ಲ ಖಾನ್, ಆಗಬಾರದೆಂದು.’

ನಕ್ಕು ಅವನೂ ಇಳಿದ, ಕೈಯಲ್ಲಿ ಚಾ.
ಆರು ಸುತ್ತು ಇಬ್ಬರೂ ನಡೆದೆವು.
ಏಳನೆಯದಕ್ಕೆ, ಸುಳ್ಳೇಕೆ ಹೇಳಲಿ,
ಒಂದು ಗುಟುಕು ಕೇಳಿ ಕುಡಿದೆ.
ಎಂಟನೆಯದನ್ನು
ಸ್ವಲ್ಪ ಜೋರಾಗಿ ನಡೆದೆ.